ದೊಡ್ಡದಾದ ದೀಪ

ರಾತ್ರಿ ಮಲಗುವಾಗ ದೀಪ ಆರಿಸು
ಅನ್ನುವಂತಿಲ್ಲ ನಮ್ಮಲ್ಲಿ.
ದೊಡ್ಡದು ಮಾಡು ಅನ್ನಬೇಕು.
ಆಮ್ನಿಯ ಮೀಟರಿನ ಪಕ್ಕ
ಬ್ಯಾಟರಿಯ ಕೆಂಪು ದೀಪ ಗುರುವಾರದಿಂದ
ಹತ್ತಿಕೊಂಡೇ ಇತ್ತು. ಅದಕ್ಕೆ
ಏನನ್ನಬೇಕು, ಯಾರೂ ಹೇಳಿರಲಿಲ್ಲ.

ಶುಕ್ರವಾರ ಹಾರ್ನು ಕೆಮ್ಮಿತು.
ಶನಿವಾರ ದೇವಸೂಗೂರಿನ ತಿರುವಿನಲ್ಲಿ
ಹನ್ನೊಂದು ಮಕ್ಕಳು ಇಳಿದು ತಳ್ಳಿದರು,
ಕೊರಳಲ್ಲಿ ನೀರಿನ ಬಾಟಲಿ,
ಯೂನಿಫಾರಮ್ಮಿಗೆಲ್ಲ ಬೂದಿ.
ಬೂದಿ ಹೊಸದಲ್ಲ. ಶಕ್ತಿನಗರದಲ್ಲಿ ನಾವು
ಗಾಳಿ ನೋಡಿ ಬಟ್ಟೆ ಒಣಹಾಕುವವರು.

ಪಂಪಾಪತಿ ರಾತ್ರಿ ಪಾಳಿ ಮುಗಿಸಿ,
ಅರ್ಧ ರಾಜ್ಯಕ್ಕೆ ಕರೆಂಟು ಕೊಟ್ಟು ಬಂದು
ಫ್ಯಾನಿನ ಕೆಳಗೆ ಬಿದ್ದುಕೊಂಡಿದ್ದ. ಎಬ್ಬಿಸಿ ಕೇಳಿದೆ.
"ಆಲ್ಟರ್ನೇಟರ್ ಹೋಗಿರಬೇಕು," ಅಂದ.
"ನಮ್ಮ ಪ್ಲಾಂಟಿನಾಗ ಅದು ಮನಿಯಷ್ಟು ದೊಡ್ಡದು ಇರ್ತದ."
ಮಗ್ಗಲು ಬದಲಿಸಿದ.

ನನ್ನದು ಸುಲಿಯದ ತೆಂಗಿನಕಾಯಿಯಷ್ಟು.
ತೀನ್ ಕಂದೀಲಿನ ಹಿಂದಿನ ಗಲ್ಲಿಯಲ್ಲಿ
ಖಾಜಾ ಹುಸೇನ ಪೇಪರು ಸುತ್ತಿ ಕೊಟ್ಟ.
ಎರಡು ಸಾವಿರದ ಎಂಟುನೂರು,
ಹಳೆಯದು ತಂದರೆ ಮುನ್ನೂರು ವಾಪಸ್ಸು.
"ಕೂಡಿಸೋರು ಯಾರು?"
"ನಾನೇ."
ಕನ್ನಡಕದ ಮೇಲಿಂದ ನೋಡಿದ.
"ಮಾರೆಪ್ಪ ಮೇಸ್ತ್ರಿ ಮಗಳಲ್ಲೇನವಾ ನೀನು?"

ಹೌದು. ವೈಂಡಿಂಗ್ ಅಂಗಡಿಯಲ್ಲಿ
ನನ್ನ ಕೆಲಸ ಎಣಿಸುವುದು.
ಸುಟ್ಟ ಪಂಪ್ ಮೋಟರಿನ ತಾಮ್ರ ಅಪ್ಪ ಬಿಚ್ಚುವನು,
ನಲವತ್ತೊಂದು, ನಲವತ್ತೆರಡು, ನಾನು.
ಒಂದು ಸುತ್ತು ತಪ್ಪಿದರೆ ಮೋಟರು ಬಿಸಿ,
ಅದಕ್ಕಿಂತ ಅಪ್ಪ ಬಿಸಿ.
ಪಾನಾ ಮಾತ್ರ ಅಣ್ಣನ ಕೈಗೆ.

ರಾತ್ರಿಯೇ ಬ್ಯಾಟರಿ ಬಿಚ್ಚಿದೆ, ಮೊದಲು ಮೈನಸ್ಸು.
(ಇದನ್ನು ಯಾರೂ ಕಲಿಸಲಿಲ್ಲ. ಅಣ್ಣನ ಉಂಗುರ
ಬೆರಳಿಗೆ ಬೆಸುಗೆಯಾದದ್ದು ಕಂಡಿದ್ದೆ.)
ಅಡುಗೆಮನೆಯಲ್ಲಿ ಚಾರ್ಜಿಗಿಟ್ಟೆ,
ಗಂಡ ಮಾಡಿದ ಕರೆಂಟಿನಲ್ಲಿ.

ಭಾನುವಾರ ಆರಕ್ಕೆ, ನೆಲ ಕಾಯುವ ಮೊದಲು,
ಬೇವಿನ ಕೆಳಗೆ ಗೋಣಿ ಹಾಸಿದೆ.
ಸೀಟು ಎತ್ತಿದರೆ ಎಂಜಿನ್ನು, ಅದರ ಮಗ್ಗುಲಿಗೆ ಅದು,
ಬೂದಿ ಎಣ್ಣೆ ಕಲಸಿ ಮೆತ್ತಿದ ಹಾಗೆ.
ಹನ್ನೆರಡರ ಬೋಲ್ಟು ಸಡಿಲಾಯಿತು. ಬೆಲ್ಟು ಇಳಿಯಿತು.
ಹದಿನಾಲ್ಕರದು ಬರಲೊಲ್ಲದು.
ಸೀಮೆಎಣ್ಣೆ ಬಿಟ್ಟೆ. ಬೈದೆ. ಚಹಾ ಕುಡಿದೆ.
ಪಾನಾದ ಬಾಲಕ್ಕೆ ಬೋರಿನ ಹಳೆ ಪೈಪು ತೂರಿಸಿ
ಒದ್ದೆ.
ಹಾಲುಹಲ್ಲಿನ ಹಾಗೆ ಬಂತು.

ಹಿಂದಿನ ನಟ್ಟಿಗೆ ಗಂಡಸಿನ ಕೈ ಹೋಗುವುದಿಲ್ಲ.
ಬಳೆ ತೆಗೆದಿಟ್ಟು, ಕೆನ್ನೆಯನ್ನು ಕಬ್ಬಿಣಕ್ಕೊತ್ತಿ
ಇದನ್ನು ತಿಳಿದುಕೊಂಡೆ.
ಟಾರ್ಚು ಹಿಡಿದಿದ್ದ ಪಕ್ಕದ ಮನೆಯ ಜಿಲಾನಿ,
"ಆಂಟಿ, ಕಾಣ್ತದೇನು?"
ಕಾಣುತ್ತಿರಲಿಲ್ಲ. ಎಣಿಸುತ್ತಿದ್ದೆ.
ಒಂಬತ್ತನೇ ಸುತ್ತಿಗೆ ನಟ್ಟು
ಬೆರಳ ತುದಿಗೆ ಬಂದು ಕೂತಿತು.

ಹೊಸದಕ್ಕೆ ಅದರ ಅರ್ಧ ಹೊತ್ತು.
ಹೆಬ್ಬೆರಳಲ್ಲಿ ಬೆಲ್ಟು ಒತ್ತಿದೆ,
ಅರ್ಧ ಬೆರಳು ಬಗ್ಗಬೇಕು, ಹೆಚ್ಚಲ್ಲ.
ಕೀಲಿ ತಿರುವಿದೆ. ಒಮ್ಮೆ ಕಿರುಚಿ ಸುಮ್ಮನಾಯಿತು.
ಮೀಟರಿನಲ್ಲಿ ಹದಿನಾಲ್ಕು ಪಾಯಿಂಟ್ ಎರಡು.
ಕೆಂಪು ದೀಪ
ದೊಡ್ಡದಾಯಿತು.

ಮಧ್ಯಾಹ್ನ ಹಳೆಯದನ್ನು ಬಿಚ್ಚಿದೆ, ಸುಮ್ಮನೆ.
ತಾಮ್ರ ಕೆಂಪಗೇ ಇತ್ತು, ಒಂದು ಸುತ್ತೂ ಸುಟ್ಟಿರಲಿಲ್ಲ.
ಸವೆದದ್ದು ಎರಡು ಕಾರ್ಬನ್ ಬ್ರಷ್ಷು,
ಬಳಪದ ಕೊನೆಯ ಚೂರಿನಷ್ಟು ಉಳಿದಿದ್ದವು.
ಬೆಲೆ ನಲವತ್ತು ರೂಪಾಯಿ.
ಪಂಪಾಪತಿ ಎದ್ದು ಬಂದು ನೋಡಿ ನಕ್ಕ.
"ಇಷ್ಟಕ್ಕ ಎರಡು ಸಾವಿರದ ಎಂಟುನೂರಾ?"
ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಖಾಜಾ ಹುಸೇನನ ಮುನ್ನೂರು ಬೇಡ.
ಹೊಸ ಬ್ರಷ್ಷು ಹಾಕಿ ಗೋಣಿಯಲ್ಲಿ ಕಟ್ಟಿ
ಮಂಚದ ಕೆಳಗೆ ಇಟ್ಟಿದ್ದೇನೆ. ಉಗುರಿನ ಕಪ್ಪು
ಸೀಗೆಪುಡಿಗೂ ಹೋಗಿಲ್ಲ.
ನಾಳೆ ಏಳೂವರೆಗೆ ಹನ್ನೊಂದು ಮಕ್ಕಳು.
ಹತ್ತುವಾಗ ಎಣಿಸುತ್ತೇನೆ,
ಇಳಿಯುವಾಗಲೂ.